ಮಿಯಾಟಾ ಕುದಿಯುತ್ತಿದೆಯೇ? ರೇಡಿಯೇಟರ್ ಕೊಳ್ಳುವ ಮೊದಲು ಇದನ್ನು ಓದಿ

ಫೀನಿಕ್ಸ್ ಬಿಟ್ಟು ಉತ್ತರಕ್ಕೆ ಹೊರಟರೆ, ಬ್ಲ್ಯಾಕ್ ಕ್ಯಾನಿಯನ್ ಸಿಟಿ ದಾಟಿದ ಮೇಲೆ ಐ-17 ಹೆದ್ದಾರಿ ಸನ್‌ಸೆಟ್ ಪಾಯಿಂಟ್ ತನಕ ಏರುತ್ತಲೇ ಹೋಗುತ್ತದೆ. ಜೂನ್ ತಿಂಗಳಲ್ಲಿ ಆ ಏರಿನ ಬದಿಯಲ್ಲಿ ಬಾನೆಟ್ ಎತ್ತಿ ನಿಂತ ಗಾಡಿ ಕಂಡರೆ ನನಗೆ ಶಿರಾಡಿ ಘಾಟಿ ನೆನಪಾಗುತ್ತದೆ. ಅಪ್ಪನ ಪ್ರೀಮಿಯರ್ ಪದ್ಮಿನಿಯ ಡಿಕ್ಕಿಯಲ್ಲಿ ಸ್ಟೆಪ್ನಿ ಇರದಿದ್ದರೂ ಒಂದು ಕ್ಯಾನ್ ನೀರು ಇರಲೇಬೇಕಿತ್ತು.

ಐ-17ರ ಏರಿನಲ್ಲಿ ನಾನೂ ಮೂರು ಸಲ ನಿಂತಿದ್ದೇನೆ. ಗಾಡಿ 1994ರ ಮಜ್ದಾ ಎಂಎಕ್ಸ್-5, ಅಮೆರಿಕದವರ ಬಾಯಲ್ಲಿ ಮಿಯಾಟಾ. (ಊರಿನಲ್ಲಿ ಮಜ್ದಾ ಎಂದರೆ ಸ್ವರಾಜ್ ಮಜ್ದಾ ಮಿನಿ ಬಸ್ಸೇ. 'ಬಸ್ಸಿನವರು ಸ್ಪೋರ್ಟ್ಸ್ ಕಾರೂ ಮಾಡ್ತಾರಾ?' ಎಂದು ಚಿಕ್ಕಪ್ಪ ಕೇಳಿದ್ದರು.) ಎರಡು ಬೇಸಿಗೆ ಈ ಕಾಯಿಲೆಯ ಹಿಂದೆ ಬಿದ್ದೆ. ದಪ್ಪ ಅಲ್ಯುಮಿನಿಯಂ ರೇಡಿಯೇಟರ್ ಹಾಕಿದೆ. ಬಿಸಿ ನೋಡಿ ರೇಡಿಯೇಟರ್ ಕಡೆಗೆ ನೀರು ಬಿಡುವ ಥರ್ಮೋಸ್ಟಾಟ್ ಎರಡು ಸಲ ಬದಲಾಯಿಸಿದೆ. ಒಂದು ಗ್ಯಾರೇಜಿನವರು 'ಹೆಡ್ ಗ್ಯಾಸ್ಕೆಟ್ ಹೋಗಿದೆ' (ಎಂಜಿನ್ ಬ್ಲಾಕ್ ಮತ್ತು ಅದರ ಮೇಲೆ ಕೂರುವ ಹೆಡ್ ನಡುವಿನ ಸೀಲ್ ಅದು) ಎಂದು ಗಾಡಿಯ ಅರ್ಧ ಬೆಲೆಯ ಅಂದಾಜು ಬರೆದುಕೊಟ್ಟರು. ಕೊನೆಗೆ ಸಿಕ್ಕಿಬಿದ್ದ ಕಳ್ಳ ಒಂದು ಪ್ಲಾಸ್ಟಿಕ್ ತಟ್ಟೆ. ಆ ಕಥೆ ಮುಂದೆ ಬರುತ್ತದೆ.

ಇಲ್ಲಿ ಬರೆದದ್ದು ಮೊದಲ ಎರಡು ತಲೆಮಾರಿನ ಗಾಡಿಗಳಿಗೆ: 1989ರಿಂದ 1997ರವರೆಗಿನ ಎನ್‌ಎ, 1998ರಿಂದ 2005ರವರೆಗಿನ ಎನ್‌ಬಿ. ನಾನು ಮಾಡಿದ ಕ್ರಮದಲ್ಲಿ ಬರೆದಿಲ್ಲ, ಮಾಡಬೇಕಿದ್ದ ಕ್ರಮದಲ್ಲಿ ಬರೆದಿದ್ದೇನೆ. ಖರ್ಚಿಲ್ಲದ್ದು ಮೊದಲು, ಜೇಬು ಸುಡುವುದು ಕೊನೆಗೆ.

ಮುಳ್ಳಿನ ಮಾತು ನಂಬಬೇಡಿ

ಎಂಜಿನ್ ಕಾದ ಮೇಲೆ ಟೆಂಪರೇಚರ್ ಮುಳ್ಳು ನಡುವಿಗಿಂತ ಸ್ವಲ್ಪ ಹಿಂದೆ ನಿಲ್ಲುತ್ತದೆ. ಗಡಿಯಾರದ 11 ಗಂಟೆ ಎಂದುಕೊಳ್ಳಿ. ಆಮೇಲೆ ನೀರಿನ ಬಿಸಿ ಹತ್ತು ಡಿಗ್ರಿ ಆಚೀಚೆ ಆದರೂ ಅದು ಜಾಸ್ತಿ ಅಲುಗಾಡುವುದಿಲ್ಲ. ಎನ್‌ಬಿಯಲ್ಲಂತೂ ಬೇಕೆಂದೇ ಹಾಗೆ ಮಾಡಿದ್ದಾರೆ. ಮುಳ್ಳು ಕುಣಿದರೆ ಗಿರಾಕಿ ಹೆದರಿ ಷೋರೂಮಿಗೆ ಓಡಿ ಬರುತ್ತಾನಲ್ಲ. ಹಾಗಾಗಿ ಮುಳ್ಳು ಮೇಲೆ ಹೋಗಲು ಶುರುಮಾಡಿತು ಎಂದರೆ ಆಗಲೇ ತಡವಾಗಿರುತ್ತದೆ.

ಆದ್ದರಿಂದ ಮೊದಲ ಕೆಲಸ, ಡಿಗ್ರಿ ಲೆಕ್ಕದಲ್ಲಿ ಬಿಸಿ ಎಷ್ಟೆಂದು ತಿಳಿಯುವುದು. 1996ರಿಂದ ಅಮೆರಿಕದಲ್ಲಿ ಮಾರಿದ ಗಾಡಿಗಳಲ್ಲಿ ಒಬಿಡಿ-2 ಪೋರ್ಟ್, ಅಂದರೆ ಗಾಡಿಯ ಕಂಪ್ಯೂಟರ್ ಜೊತೆ ಮಾತಾಡುವ ಸಾಕೆಟ್, ಇರುತ್ತದೆ. ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದರೆ ಫೋನಿನಲ್ಲೇ ಕೂಲೆಂಟ್ (ಎಂಜಿನ್ ತಂಪಿಡುವ ದ್ರವ) ಬಿಸಿ ಕಾಣುತ್ತದೆ. ನನ್ನದು 1994ರದ್ದು, ಆ ಭಾಗ್ಯ ಇಲ್ಲ. ಬೇರೆ ಮೀಟರ್ ಒಂದನ್ನು ಕೂರಿಸಿದೆ. ಜೊತೆಗೆ ಬಂದೂಕಿನ ಥರ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದೆ. ಅದನ್ನು ಹೊಳೆಯುವ ಅಲ್ಯುಮಿನಿಯಂ ಮೇಲೆ ಹಿಡಿದರೆ ಸುಳ್ಳು ಹೇಳುತ್ತದೆ. ಅಳೆಯುವ ಜಾಗಕ್ಕೆ ಕಪ್ಪು ಟೇಪ್ ಅಂಟಿಸಿ, ಅದರ ಮೇಲೆ ಹಿಡಿಯಿರಿ.

ಇನ್ನು ಎಷ್ಟಿದ್ದರೆ ಸರಿ? ಥರ್ಮೋಸ್ಟಾಟ್ ಸುಮಾರು 88 ಡಿಗ್ರಿಗೆ ಬಾಯಿ ತೆರೆಯಲು ಶುರುಮಾಡಿ, 100ರ ಹೊತ್ತಿಗೆ ಪೂರ್ತಿ ತೆರೆದಿರುತ್ತದೆ. ಎನ್‌ಎಯಲ್ಲಿ ಫ್ಯಾನ್ ಓಡುವುದು ಸುಮಾರು 97ಕ್ಕೆ. ಅಂದರೆ ಸಿಗ್ನಲ್‌ನಲ್ಲಿ ನಿಂತಾಗ 96, 98 ಕಂಡರೆ ಅದು ಕಾಯಿಲೆ ಅಲ್ಲ, ಗಾಡಿಯ ಸ್ವಭಾವ. ಏರಿನಲ್ಲಿ 105 ಬಂದರೆ ನಾನು ಎಸಿ ಆರಿಸುತ್ತೇನೆ. 110 ಆದರೆ ಬದಿಗೆ ಹಾಕುತ್ತೇನೆ.

ಅರ್ಧ ನೀರು, ಅರ್ಧ ಕೂಲೆಂಟ್ ಇರುವ ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೇ ಕುದಿಯುತ್ತದೆ. ಅದನ್ನು 120ರಾಚೆಗೆ ತಳ್ಳುವುದು ರೇಡಿಯೇಟರ್ ಮುಚ್ಚಳ ಹಿಡಿದಿಡುವ ಸುಮಾರು 13 ಪಿಎಸ್‌ಐ ಒತ್ತಡ. ಕುಕ್ಕರ್ ಗ್ಯಾಸ್ಕೆಟ್ ಸಡಿಲವಾದರೆ ಬೇಳೆ ಬೇಯುವುದಿಲ್ಲ ಅಲ್ವಾ, ಹಾಗೆಯೇ ಮುಚ್ಚಳದ ರಬ್ಬರ್ ಸತ್ತರೆ ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿಯುತ್ತದೆ. ಇಡೀ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಅಗ್ಗದ ಭಾಗ ಈ ಮುಚ್ಚಳ. ಅನುಮಾನ ಬಂದರೆ ಯೋಚಿಸಬೇಡಿ, ಹೊಸದು ಹಾಕಿ.

ಗಾಡಿ ತಣ್ಣಗಿರುವಾಗ

ಬೆಳಗ್ಗೆ, ಎಂಜಿನ್ ಪೂರ್ತಿ ಆರಿರುವಾಗ ಮುಚ್ಚಳ ತೆಗೆಯಿರಿ. ಬಿಸಿಯಿರುವಾಗ ತೆಗೆಯಬೇಡಿ. ಬಟ್ಟೆ ಸುತ್ತಿಕೊಂಡು, ನಿಧಾನಕ್ಕೆ, ಇತ್ಯಾದಿ ಯಾವ ಬುದ್ಧಿವಂತಿಕೆಯೂ ಬೇಡ. ಆ ಆವಿ ಮುಖಕ್ಕೆ ಹೊಡೆದರೆ ಚರ್ಮ ಕಿತ್ತುಬರುತ್ತದೆ.

ಕೂಲೆಂಟ್ ಮುಚ್ಚಳದ ಕಂಠದವರೆಗೆ ಇದೆಯೇ ನೋಡಿ. ಪಕ್ಕದ ಬಿಳಿ ಬಾಟಲಿ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಮುಚ್ಚಳ ಕೆಟ್ಟರೆ ಬಿಸಿಯಾದಾಗ ಬಾಟಲಿಗೆ ಹೋದ ನೀರು ತಣ್ಣಗಾದಾಗ ವಾಪಸ್ ಬರುವುದಿಲ್ಲ. ಬಾಟಲಿ ತುಂಬಿರುತ್ತದೆ, ರೇಡಿಯೇಟರ್ ಒಣಗಿರುತ್ತದೆ.

ಆಮೇಲೆ ಮೇಲಿನ ಟ್ಯಾಂಕಿನ ಬಣ್ಣ. ಕಂಪನಿಯ ರೇಡಿಯೇಟರ್‌ನ ಟ್ಯಾಂಕ್ ಕಪ್ಪು ಪ್ಲಾಸ್ಟಿಕ್. ವರ್ಷಗಟ್ಟಲೆ ಬೆಂದು ಅದು ಹಸಿರು ಕಂದಾಗುತ್ತದೆ. ಆ ಬಣ್ಣ ಬಂದರೆ ಸೀಳುವ ದಿನ ದೂರವಿಲ್ಲ ಎಂದೇ ಲೆಕ್ಕ. ಸೋರದಿದ್ದರೂ ಬದಲಾಯಿಸಿ. ಹೋಸ್‌ಗಳನ್ನು ಹಿಂಡಿ ನೋಡಿ. ತೀರಾ ಮೆತ್ತಗಿದ್ದರೂ ತಪ್ಪು, ಒಣ ಕೊಬ್ಬರಿಯಂತೆ ಗಟ್ಟಿಯಾಗಿದ್ದರೂ ತಪ್ಪು.

ಬೆಲ್ಟ್ ನೋಡಿ. ಈ ಎಂಜಿನ್ನಿನಲ್ಲಿ ವಾಟರ್ ಪಂಪ್ ತಿರುಗಿಸುವುದು ಆಲ್ಟರ್ನೇಟರ್‌ನ ಬೆಲ್ಟೇ. ಓಡಿಸುವಾಗ ಬ್ಯಾಟರಿ ದೀಪ ಹತ್ತಿ, ಹಿಂದೆಯೇ ಮುಳ್ಳು ಏರಿದರೆ ಬೆಲ್ಟ್ ತುಂಡಾಗಿದೆ ಎಂದರ್ಥ. 'ಬ್ಯಾಟರಿ ತಾನೆ, ಮನೆಗೆ ಹೋಗಿ ನೋಡೋಣ' ಎಂದು ಮುಂದಕ್ಕೆ ಓಡಿಸಿದರೆ ಹೆಡ್ ಡೊಂಕಾಗುತ್ತದೆ.

ಕೊನೆಗೆ ಬಗ್ಗಿ ಮೂತಿಯ ಅಡಿ ನೋಡಿ. ಅಲ್ಲಿ ಅಗಲವಾದ ಪ್ಲಾಸ್ಟಿಕ್ ತಟ್ಟೆ ಇದೆಯೇ? ನಾನು ಇದೊಂದನ್ನು ಮಾತ್ರ ನೋಡಿರಲಿಲ್ಲ.

ಯಾವಾಗ ಬಿಸಿಯಾಗುತ್ತದೆ?

ಕಾರಿನ ಕಾಯಿಲೆ ಹಿಡಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ನನಗೆ ಅಂದಾಜು ಬರೆದುಕೊಟ್ಟ ಗ್ಯಾರೇಜಿನವರು ಇದನ್ನು ಕೇಳಲೇ ಇಲ್ಲ.

ನಿಂತಾಗ ಬಿಸಿ, ಓಡುವಾಗ ತಂಪು ಎಂದಾದರೆ ಗಾಳಿ ಎಳೆಯುವ ಫ್ಯಾನ್ ಕೆಲಸ ಮಾಡುತ್ತಿಲ್ಲ. ರೇಡಿಯೇಟರ್ ಹಿಂದೆ ಎರಡು ಫ್ಯಾನ್ ಇವೆ, ಒಂದು ಮುಖ್ಯದ್ದು, ಇನ್ನೊಂದು ಎಸಿಯದ್ದು. ಎಸಿ ಹಾಕಿದರೆ ಎರಡೂ ತಿರುಗಬೇಕು. ಟ್ರಾಫಿಕ್‌ನಲ್ಲಿ ಬಿಸಿ ಏರುತ್ತಿರುವಾಗ ಒಂದು ತಮಾಷೆ ಮಾಡಿ ನೋಡಿ: ಎಸಿ ಹಾಕಿ. ಬಿಸಿ ಇಳಿಯಿತೇ? ಹಾಗಾದರೆ ಫ್ಯಾನ್, ರೇಡಿಯೇಟರ್ ಎರಡೂ ಸರಿ ಇವೆ. ಫ್ಯಾನಿಗೆ 'ಓಡು' ಎಂದು ಹೇಳುವವನು ಮಲಗಿದ್ದಾನೆ. ಎನ್‌ಎಯಲ್ಲಿ ಅದು ಥರ್ಮೋಸ್ಟಾಟ್ ಹೌಸಿಂಗ್‌ನಲ್ಲಿರುವ ಸ್ವಿಚ್. ಎನ್‌ಬಿಯಲ್ಲಿ ಆ ಹುಕುಂ ಇಸಿಯುದ್ದು, ಅಂದರೆ ಎಂಜಿನ್ ಕಂಪ್ಯೂಟರಿನದ್ದು.

ಎನ್‌ಎಯಲ್ಲಿ ಇನ್ನೂ ಸುಲಭದ ಪರೀಕ್ಷೆ ಇದೆ. ಬಾನೆಟ್ ಒಳಗೆ ಎಡಬದಿಯಲ್ಲಿ ಡಯಾಗ್ನೋಸಿಸ್ ಎಂದು ಬರೆದ ಪುಟ್ಟ ಕಪ್ಪು ಡಬ್ಬಿ ಇದೆ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಡಬ್ಬಿಯೊಳಗಿನ ಟಿಎಫ್‌ಎ ಮತ್ತು ಜಿಎನ್‌ಡಿ ಎಂಬ ಎರಡು ತೂತುಗಳನ್ನು ಒಂದು ತಂತಿಯಿಂದ ಸೇರಿಸಿ. ಮುಖ್ಯ ಫ್ಯಾನ್ ತಿರುಗಬೇಕು. ತಿರುಗಿದರೆ ಮೋಟಾರ್, ಫ್ಯೂಸ್, ರಿಲೇ ಮೂರೂ ಪಾಸ್. ತಿರುಗದಿದ್ದರೆ ಫ್ಯೂಸ್, ಆಮೇಲೆ ರಿಲೇ, ಆಮೇಲೆ ಮೋಟಾರ್‌ಗೆ ನೇರ 12 ವೋಲ್ಟ್ ಕೊಟ್ಟು ನೋಡಿ. ಬೆರಳು ಮಾತ್ರ ದೂರವಿರಲಿ.

ನಿಂತಾಗ ತಂಪು, ಹೆದ್ದಾರಿಯಲ್ಲಿ ಬಿಸಿ. ನನ್ನ ಗಾಡಿಯದು ಇದೇ. ಗಂಟೆಗೆ 70 ಮೈಲಿ ವೇಗದಲ್ಲಿ ಗಾಳಿಗೇನೂ ಬರವಿಲ್ಲ, ಫ್ಯಾನಿನ ಹಂಗೂ ಇಲ್ಲ. ಆದರೂ ಬಿಸಿ ಎಂದರೆ ಒಂದೋ ನೀರು ಸರಿಯಾಗಿ ಹರಿಯುತ್ತಿಲ್ಲ, ಇಲ್ಲವೇ ಬಂದ ಗಾಳಿ ರೇಡಿಯೇಟರ್ ಒಳಗೆ ಹೋಗುತ್ತಿಲ್ಲ.

ನೀರಿನ ಕಡೆ ಮೊದಲು. ಎಂಜಿನ್ ಕಾದ ಮೇಲೆ ರೇಡಿಯೇಟರ್ ಮೈಮೇಲೆ ಥರ್ಮಾಮೀಟರ್ ಆಡಿಸಿ. ಈ ಗಾಡಿಯಲ್ಲಿ ನೀರು ಮೇಲಿನ ಟ್ಯಾಂಕಿನಿಂದ ಕೆಳಗಿನದಕ್ಕೆ ಇಳಿಯುತ್ತದೆ. ಹಾಗಾಗಿ ಮೇಲಿನಿಂದ ಕೆಳಕ್ಕೆ ಬಿಸಿ ಒಂದೇ ಸಮನೆ ಇಳಿಯಬೇಕು. ನಡುವೆ ಉದ್ದುದ್ದಕ್ಕೆ ತಣ್ಣನೆಯ ಪಟ್ಟಿ ಸಿಕ್ಕರೆ ಅಲ್ಲಿನ ಕೊಳವೆ ಕಟ್ಟಿದೆ. ಕಟ್ಟುವುದೇಕೆ? ಗಡಸು ನೀರು. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕೂರುತ್ತದಲ್ಲ, ಅದೇ. ಫೀನಿಕ್ಸ್‌ನ ನಲ್ಲಿ ನೀರೂ ಗಡಸು. ಡಿಸ್ಟಿಲ್ಡ್ ನೀರಿನ ಒಂದು ಕ್ಯಾನಿಗೆ ಜಿಪುಣತನ ಮಾಡಿದವರ ರೇಡಿಯೇಟರ್ ಹಾಗೇ ಆಗುವುದು.

ಥರ್ಮೋಸ್ಟಾಟ್ ಪರೀಕ್ಷೆ ಒಲೆಯ ಮೇಲೆ ಆಗುತ್ತದೆ. ನೀರಿನಲ್ಲಿ ಮುಳುಗಿಸಿ, ದಾರದಲ್ಲಿ ತೂಗುಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ. 88ರ ಆಸುಪಾಸು ತೆರೆಯಲು ಶುರುವಾಗಿ, ನೀರು ಮರಳುವ ಹೊತ್ತಿಗೆ ಚೆನ್ನಾಗಿ ಬಾಯಿ ಬಿಟ್ಟಿರಬೇಕು. ಹಾಲು ಕಾಯಿಸುವ ಪಾತ್ರೆ ಬಳಸಬೇಡಿ. ಅದರ ಫಲ ಅನುಭವಿಸಿದ್ದೇನೆ.

'ಕಡಿಮೆ ಡಿಗ್ರಿಯ ಥರ್ಮೋಸ್ಟಾಟ್ ಹಾಕು, ತಣ್ಣಗಿರುತ್ತೆ' ಎಂದು ಹತ್ತು ಜನ ಹೇಳುತ್ತಾರೆ. ನಾನೂ ಕೇಳಿ ಹಾಕಿದೆ. ಥರ್ಮೋಸ್ಟಾಟ್ ಬರೀ ಬಾಗಿಲು. ಏರಿನಲ್ಲಿ 105 ಡಿಗ್ರಿ ಆದಾಗ ಹಳೆಯ ಬಾಗಿಲೂ ಪೂರ್ತಿ ತೆರೆದಿರುತ್ತದೆ, ಹೊಸದೂ ತೆರೆದಿರುತ್ತದೆ. ಬಿಸಿ ಹೊರಹಾಕುವ ತಾಕತ್ತು ರೇಡಿಯೇಟರ್‌ನದು. ಬಾಗಿಲು ಬೇಗ ತೆರೆದರೆ ಅದು ಹೆಚ್ಚುವುದಿಲ್ಲ. ಕಾಯಿಲೆ ಐದು ನಿಮಿಷ ತಡವಾಗಿ ಕಾಣಿಸಿಕೊಂಡಿತು, ಅಷ್ಟೇ.

ಈಗ ಗಾಳಿಯ ಕಡೆ. ಎಸಿ ಕಂಡೆನ್ಸರ್ (ಎಸಿಯ ಬಿಸಿ ಹೊರಹಾಕುವ ಜಾಲರಿ) ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಡಿ. ಎಲೆ, ಹುಳ, ಪ್ಲಾಸ್ಟಿಕ್ ಚೀಲ ಎಲ್ಲ ಅಲ್ಲಿ ಸೇರಿಕೊಂಡಿರುತ್ತವೆ. ಹಿಂದಿನಿಂದ ಮುಂದಕ್ಕೆ ಸಣ್ಣ ಒತ್ತಡದಲ್ಲಿ ನೀರು ಬಿಟ್ಟು ತೊಳೆಯಿರಿ. ಪ್ರೆಶರ್ ವಾಷರ್ ಬಿಟ್ಟರೆ ರೇಡಿಯೇಟರ್‌ನ ತೆಳು ತಗಡಿನ ಫಿನ್‌ಗಳು ಮಡಚಿಕೊಳ್ಳುತ್ತವೆ.

ಆಮೇಲೆ ಆ ತಟ್ಟೆ. ನನ್ನ ಗಾಡಿಯ ಅಡಿಯಲ್ಲಿ ಅದು ಇರಲೇ ಇಲ್ಲ. ಹಿಂದೆ ಯಾರೋ ಆಯಿಲ್ ಬದಲಾಯಿಸಲು ಬಿಚ್ಚಿದವರು, ಬೋಲ್ಟ್ ಹಾಕುವ ರಗಳೆ ಯಾಕೆಂದು ಬಿಸಾಡಿದ್ದಾರೆ. ಬರೀ ಕಲ್ಲು, ಕೆಸರು ತಡೆಯುವುದಕ್ಕೆ ಇರುವುದು ಎಂದು ನಾನೂ ಅಂದುಕೊಂಡಿದ್ದೆ. ಗಾಳಿಯೂ ನೀರಿನ ಹಾಗೆ ಸಲೀಸಾದ ದಾರಿ ಹುಡುಕುತ್ತದೆ. ಮೂತಿಯೊಳಗೆ ನುಗ್ಗಿದ ಗಾಳಿಗೆ ಎದುರಿಗೆ ಕಂಡೆನ್ಸರ್, ರೇಡಿಯೇಟರ್ ಎಂಬ ಎರಡು ಗೋಡೆ. ಕೆಳಗೆ ತಟ್ಟೆ ಇಲ್ಲದಿದ್ದರೆ ಅಡಿಯಿಂದಲೇ ಜಾರಿಕೊಳ್ಳುತ್ತದೆ. ಸಾಲದ್ದಕ್ಕೆ ಗಾಡಿಯ ಅಡಿಯ ಗಾಳಿ ಎಂಜಿನ್ ಕೋಣೆಗೆ ನುಗ್ಗಿ, ರೇಡಿಯೇಟರ್ ಹಿಂದೆ ಒತ್ತಡ ಏರಿಸುತ್ತದೆ. ಮುಂದೆಯೂ ಒತ್ತಡ, ಹಿಂದೆಯೂ ಒತ್ತಡ ಆದರೆ ನಡುವೆ ಗಾಳಿ ಹರಿಯುವುದಾದರೂ ಹೇಗೆ? ವೇಗ ಹೆಚ್ಚಿದಂತೆ ಕಾಯಿಲೆಯೂ ಹೆಚ್ಚುತ್ತಿದ್ದುದು ಇದಕ್ಕೇ.

ಗುಜರಿಯಲ್ಲಿ ತಟ್ಟೆ ಸಿಕ್ಕಿತು. ಬೋಲ್ಟ್ ಹಾಕಿ, ರೇಡಿಯೇಟರ್ ಪಕ್ಕದ ಸಂದಿಗಳಿಗೆ ಫೋಮ್ ತುರುಕಿ ಅದೇ ಏರಿಗೆ, ಅದೇ ಹೊತ್ತಿಗೆ ಹೋದೆ. ಹಿಂದೆ 112 ತೋರಿಸಿದ್ದ ಮೀಟರ್ 99ಕ್ಕೆ ನಿಂತಿತು. ಎಸಿ ಹಾಕಿಕೊಂಡೇ ಸನ್‌ಸೆಟ್ ಪಾಯಿಂಟ್ ತಲುಪಿದೆ. ಖುಷಿಗಿಂತ ಸಿಟ್ಟೇ ಜಾಸ್ತಿ ಬಂದಿತ್ತು.

ಉಳಿದ ಎರಡು ಲಕ್ಷಣ ಚುಟುಕಾಗಿ. ಬಿಸಿ ಇದ್ದಕ್ಕಿದ್ದಂತೆ ಏರಿ, ಇಳಿದು, ಮತ್ತೆ ಏರಿದರೆ, ಹೀಟರ್ ಒಮ್ಮೆ ಬಿಸಿ ಗಾಳಿ, ಒಮ್ಮೆ ತಣ್ಣನೆ ಗಾಳಿ ಊದಿದರೆ, ಒಳಗೆ ಗಾಳಿ ಸಿಕ್ಕಿಕೊಂಡಿದೆ ಅಥವಾ ನೀರು ಕಡಿಮೆ ಇದೆ. ಎಷ್ಟು ಓಡಿಸಿದರೂ ಎಂಜಿನ್ ಕಾಯುವುದೇ ಇಲ್ಲ ಎಂದರೆ ಥರ್ಮೋಸ್ಟಾಟ್ ತೆರೆದೇ ಕೂತಿದೆ. ಇದನ್ನು ಒಳ್ಳೆಯದೇ ಆಯಿತು ಎಂದು ಬಿಡಬೇಡಿ, ಪೆಟ್ರೋಲ್ ಸುಮ್ನೆ ಸುಡುತ್ತದೆ.

ನೀರು ಕಡಿಮೆಯಾಗುತ್ತಿದೆ, ಸೋರಿದ್ದು ಕಾಣುತ್ತಿಲ್ಲ

ಮೂರು ಕಡೆ ಹುಡುಕಿ. ಎಂಜಿನ್ ಹಿಂದೆ, ಫೈರ್‌ವಾಲ್ (ಎಂಜಿನ್ ಕೋಣೆಗೂ ನಾವು ಕೂರುವ ಜಾಗಕ್ಕೂ ನಡುವಿನ ಗೋಡೆ) ಸಂದಿಯಲ್ಲಿ ಹೀಟರ್ ಹೋಸ್‌ಗಳಿವೆ. ಕೈ ಹೋಗದ ಜಾಗವಾದ್ದರಿಂದ ಅವನ್ನು ಯಾರೂ ಬದಲಾಯಿಸಿರುವುದಿಲ್ಲ. ಸೋರಿದ್ದು ಗೇರ್‌ಬಾಕ್ಸ್ ಮೇಲೆ ಇಳಿದು, ಬಿಸಿಗೆ ಆರಿಹೋಗುತ್ತದೆ. ಎರಡನೆಯದು ವಾಟರ್ ಪಂಪ್. ಅದರ ಸೀಲ್ ಹೋದರೆ ಮೈಯಲ್ಲಿರುವ ಸಣ್ಣ ತೂತಿನಿಂದ ತೊಟ್ಟಿಕ್ಕುತ್ತದೆ, ಒಣಗಿದ ಬಣ್ಣದ ಗೆರೆ ಉಳಿಯುತ್ತದೆ. ಪಂಪ್ ಬಿಚ್ಚಲು ಟೈಮಿಂಗ್ ಬೆಲ್ಟ್ ಕೂಡ ಬಿಚ್ಚಬೇಕು. ಅದಕ್ಕೇ 60,000 ಮೈಲಿಗೆ ಟೈಮಿಂಗ್ ಬೆಲ್ಟ್ ಹಾಕಿಸುವಾಗ ಪಂಪ್ ಕೂಡ ಹಾಕಿಸಿಬಿಡಿ, ಕೂಲಿ ಒಂದೇ ಸಲ ಆಗುತ್ತದೆ. ಮೂರನೆಯದು ಡ್ಯಾಷ್‌ಬೋರ್ಡ್ ಒಳಗಿನ ಹೀಟರ್ ಕೋರ್, ಅಂದರೆ ಹೀಟರ್‌ನ ಪುಟ್ಟ ರೇಡಿಯೇಟರ್. ಕಾಲಡಿಯ ಮ್ಯಾಟ್ ಒದ್ದೆ, ಗಾಜಿನ ಮೇಲೆ ಜಿಡ್ಡು ಮಂಜು, ಒಳಗೆ ಸಿಹಿ ವಾಸನೆ ಬಂದರೆ ಅದೇ.

ಸೋರುವ ಬಿಂದು ಸಿಗದಿದ್ದರೆ ಪ್ರೆಶರ್ ಟೆಸ್ಟರ್ ತನ್ನಿ. ಅಮೆರಿಕದಲ್ಲಿ ಎಷ್ಟೋ ಆಟೋ ಪಾರ್ಟ್ಸ್ ಅಂಗಡಿಗಳು ಠೇವಣಿ ಇಟ್ಟುಕೊಂಡು ಕೊಡುತ್ತವೆ. ಗಾಡಿ ತಣ್ಣಗಿರುವಾಗ 13 ಪಿಎಸ್‌ಐವರೆಗೆ ಪಂಪ್ ಮಾಡಿ, ಕಾಫಿ ಕುಡಿದು ಬನ್ನಿ. ಮುಳ್ಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಅದಕ್ಕೆ ಎರಡನೇ ಮಾತಿಲ್ಲ.

ಹೆಡ್ ಗ್ಯಾಸ್ಕೆಟ್: ಹೆದರುವ ಮೊದಲು

ಗ್ಯಾಸ್ಕೆಟ್ ಹೋಗಿದ್ದರೆ ಸಿಲಿಂಡರ್ ಒಳಗಿನ ಹೊಗೆ ನೀರಿಗೆ ಸೇರುತ್ತದೆ. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಒಂದೇ ನಿಮಿಷದಲ್ಲಿ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಅನುಮಾನಪಡಿ, ಅಷ್ಟು ಬೇಗ ಆವಿ ಆಗಲು ಸಾಧ್ಯವಿಲ್ಲ. ಆಯಿಲ್ ಹಾಲು ಬೆರೆಸಿದ ಕಾಫಿಯಂತಾದರೂ ಅನುಮಾನಪಡಿ. ಆದರೆ ಆಯಿಲ್ ಮುಚ್ಚಳದ ಅಡಿ ಮಾತ್ರ ಸ್ವಲ್ಪ ಕೆನೆ ಕಂಡರೆ ಗಾಬರಿ ಬೇಡ. ಚಳಿಯಲ್ಲಿ ಹತ್ತಿರ ಹತ್ತಿರ ಓಡಿಸಿದ ಗಾಡಿಗಳಲ್ಲಿ ಅದು ಸಾಮಾನ್ಯ.

ತೀರ್ಪು ಕೊಡುವುದು ನೀಲಿ ದ್ರವದ ಪರೀಕ್ಷೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಆ ದ್ರವದ ಮೂಲಕ ಎಳೆಯುತ್ತಾರೆ. ಪೆಟ್ರೋಲ್ ಎಂಜಿನ್ನಿನ ಹೊಗೆ ಇದ್ದರೆ ನೀಲಿ ಹಳದಿಯಾಗುತ್ತದೆ. ನನ್ನ ಗಾಡಿಯಲ್ಲಿ ನೀಲಿ ನೀಲಿಯಾಗಿಯೇ ಉಳಿಯಿತು. ಈ ಪರೀಕ್ಷೆ ಮಾಡದೆ ಹೆಡ್ ಬಿಚ್ಚಬೇಕು ಎನ್ನುವವರ ಹತ್ತಿರ ಗಾಡಿ ಬಿಡಬೇಡಿ.

ಹುಟ್ಟುಗುಣ ಮತ್ತು ಅಪ್‌ಗ್ರೇಡ್

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಇದು ಅಕ್ಷರಶಃ ಹಾಗೆ. ಮಿಯಾಟಾದ ಎಂಜಿನ್ ಬಂದದ್ದು ಮಜ್ದಾ 323ರ ಮನೆತನದಿಂದ. ಅಲ್ಲಿ ಎಂಜಿನ್ ಅಡ್ಡ ಕೂರುತ್ತಿತ್ತು. ನೀರು ಒಂದು ತುದಿಯಲ್ಲಿ ಒಳಬಂದು, ನಾಲ್ಕೂ ಸಿಲಿಂಡರ್ ತೊಳೆದು, ಇನ್ನೊಂದು ತುದಿಯ ಥರ್ಮೋಸ್ಟಾಟ್‌ನಿಂದ ಹೊರಬೀಳುತ್ತಿತ್ತು. ಮಿಯಾಟಾದಲ್ಲಿ ಎಂಜಿನ್ ಉದ್ದಕ್ಕೆ ತಿರುಗಿತು. ಹಿಂದಿನ ತುದಿ ಫೈರ್‌ವಾಲ್‌ಗೆ ತಾಗುವಷ್ಟು ಹತ್ತಿರ, ಥರ್ಮೋಸ್ಟಾಟ್‌ಗೆ ಜಾಗವಿಲ್ಲ. ಅದನ್ನು ಮುಂದಕ್ಕೆ ತಂದರು. ಈಗ ನೀರು ಬರುವುದೂ ಮುಂದೆ, ಹೋಗುವುದೂ ಮುಂದೆ. ಹಿಂದಿನ ನಾಲ್ಕನೇ ಸಿಲಿಂಡರ್‌ಗೆ, ಕಾಲುವೆಯ ಕೊನೆಯ ಗದ್ದೆಯ ಹಾಗೆ, ಹೀಟರ್ ಕಡೆ ಹೋಗುವ ಅಲ್ಪಸ್ವಲ್ಪ ನೀರೇ ಗತಿ. 2001ರಲ್ಲಿ ಹೆಡ್ ಗ್ಯಾಸ್ಕೆಟ್‌ನ ತೂತುಗಳನ್ನು ಬದಲಿಸಿ, ಹಿಂದಕ್ಕೆ ಹೆಚ್ಚು ನೀರು ಹೋಗುವಂತೆ ಮಜ್ದಾದವರೇ ಮಾಡಿದರು.

ಇದಕ್ಕೆ ಮದ್ದು ಕೂಲೆಂಟ್ ರೀರೂಟ್. ಥರ್ಮೋಸ್ಟಾಟ್ ಅನ್ನು ಹೆಡ್‌ನ ಹಿಂದಕ್ಕೆ ಒಯ್ದು, ಅಲ್ಲಿಂದ ಉದ್ದನೆಯ ಹೋಸ್ ಮೂಲಕ ರೇಡಿಯೇಟರ್‌ಗೆ ನೀರು ತರುವುದು. ಟರ್ಬೊ ಹಾಕಿದವರಿಗೆ, ರೇಸ್ ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ಒಂದೇ ಸಮನೆ ಹಿಂಡುವವರಿಗೆ ಇದು ಬೇಕೇ ಬೇಕು. ಕಚೇರಿಗೆ ಹೋಗಿಬರುವ ಗಾಡಿಗೆ ಬೇಡ. ಅಲ್ಲಿ ಒಳ್ಳೆಯ ಸ್ಥಿತಿಯ ಕಂಪನಿ ರೇಡಿಯೇಟರ್, ತಟ್ಟೆ, ಹೊಸ ಮುಚ್ಚಳ ಸಾಕು.

ದಪ್ಪ ರೇಡಿಯೇಟರ್ ಬಗ್ಗೆ ಒಂದು ಮಾತು. ದಪ್ಪವಾದಷ್ಟೂ ಗಾಳಿ ದಾಟುವುದು ಕಷ್ಟ. ಗಾಳಿ ತಪ್ಪಿಸಿಕೊಳ್ಳುವ ಸಂದಿಗಳನ್ನು ಮುಚ್ಚಿ ಸರಿಮಾಡದೆ ದಪ್ಪದ್ದು ಹಾಕಿದರೆ ನನ್ನ ಹಾಗೆ ದುಡ್ಡು ಹೋಗುತ್ತದೆ, ಬಿಸಿ ಹೋಗುವುದಿಲ್ಲ.

ನೀರು ತುಂಬುವುದು

ವ್ಯವಸ್ಥೆಗೆ ಸುಮಾರು 6 ಲೀಟರ್ ಬೇಕು. ಡಿಸ್ಟಿಲ್ಡ್ ನೀರು ಅರ್ಧ, ಜಪಾನಿ ಗಾಡಿಗಳಿಗೆಂದೇ ಬರುವ ಕೂಲೆಂಟ್ ಅರ್ಧ. ಬಣ್ಣ ಒಂದೇ ಇದೆ ಎಂದು ಬೇರೆ ಬೇರೆ ಬಗೆಯವನ್ನು ಬೆರೆಸಬೇಡಿ. ಟ್ರ್ಯಾಕಿಗೆ ಹೋಗುವವರು ನಿಯಮ ಕೇಳಿಕೊಳ್ಳಿ. ಕೂಲೆಂಟ್‌ನಲ್ಲಿರುವ ಗ್ಲೈಕಾಲ್ ಚೆಲ್ಲಿದರೆ ರಸ್ತೆ ಜಾರುವುದರಿಂದ ಅನೇಕ ಕಡೆ ಬರೀ ನೀರಿಗೆ ಮಾತ್ರ ಅನುಮತಿ. ತೆಗೆದ ಹಳೆಯ ಕೂಲೆಂಟ್ ತೆರೆದಿಡಬೇಡಿ. ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ.

ಗಾಡಿಯ ಮೂತಿ ಎತ್ತರದಲ್ಲಿರಲಿ. ರ‍್ಯಾಂಪ್ ಮೇಲೆ ಹತ್ತಿಸಿ ಅಥವಾ ಇಳಿಜಾರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿ. ಥರ್ಮೋಸ್ಟಾಟ್‌ನ ಅಂಚಿನಲ್ಲಿ ಗಲಗಲ ಆಡುವ ಪುಟ್ಟ ಪಿನ್ ಇರುತ್ತದೆ. ಕೂರಿಸುವಾಗ ಅದು ಮೇಲಕ್ಕೆ ಬರಲಿ, ಗಾಳಿ ತಪ್ಪಿಸಿಕೊಳ್ಳುವ ಕಿಂಡಿ ಅದೇ. ನಿಧಾನಕ್ಕೆ ಸುರಿಯಿರಿ. ಮುಚ್ಚಳ ತೆರೆದಿಟ್ಟೇ ಎಂಜಿನ್ ಸ್ಟಾರ್ಟ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಮೇಲಿನ ಹೋಸ್ ಅನ್ನು ಆಗಾಗ ಹಸುವಿನ ಕೆಚ್ಚಲಿನಂತೆ ಹಿಂಡುತ್ತಿರಿ. ಗುಳುಗುಳು ಎಂದು ಗುಳ್ಳೆ ಬರುತ್ತದೆ, ಮಟ್ಟ ಇಳಿಯುತ್ತದೆ, ಮತ್ತೆ ತುಂಬಿ. ಹೋಸ್ ಬಿಸಿಯಾಗಿ, ಗುಳ್ಳೆ ನಿಂತ ಮೇಲೆ ಮುಚ್ಚಿ. ಮರುದಿನ ಬೆಳಗ್ಗೆ ನೋಡಿದರೆ ಒಂದು ಲೋಟದಷ್ಟು ಇಳಿದಿರಬಹುದು. ತುಂಬಿ. ಮೂರನೇ ದಿನವೂ ಇಳಿಯುತ್ತಿದ್ದರೆ ಟೆಸ್ಟರ್ ಹಿಡಿದು ಮತ್ತೆ ಸೋರಿಕೆ ಹುಡುಕಲು ಹೊರಡಿ.